ಸ್ಥಳಪುರಾಣವೂ ಶಾಸನವೂ: ಅಂತರ್ಜಾಲದ ಸಂತೆಯಲ್ಲಿ ಕಥೆಯ ಕಸುಬು

1990ರ ದಶಕದ ಕೊನೆಯ ವರ್ಷಗಳಲ್ಲಿ ಅಮೆರಿಕದ ಪತ್ರಿಕೆಗಳ ವಾಣಿಜ್ಯ ಪುಟಗಳಲ್ಲಿ ಒಂದು ಪುಟ್ಟ ಪ್ರೇಮಕಥೆ ಮತ್ತೆ ಮತ್ತೆ ಅಚ್ಚಾಗುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ ಪಿಯರ್ ಒಮಿಡ್ಯಾರ್ ಎಂಬ ಯುವ ಎಂಜಿನಿಯರ್. ಅವರೊಂದಿಗೆ ಮದುವೆ ನಿಶ್ಚಯವಾಗಿದ್ದ ಪ್ಯಾಮ್ ಅವರಿಗೆ ಪೆಜ್ ಡಬ್ಬಿಗಳನ್ನು ಕೂಡಿಡುವ ಹವ್ಯಾಸ. ಪೆಜ್ ಎಂಬುದು 1927ರಲ್ಲಿ ಆಸ್ಟ್ರಿಯಾದಲ್ಲಿ ಹುಟ್ಟಿದ ಪುದೀನಾ ಮಿಠಾಯಿ. ಅದು ಅಮೆರಿಕಕ್ಕೆ ಬಂದ ಮೇಲೆ, 1950ರ ದಶಕದಲ್ಲಿ, ಅದರ ಪ್ಲಾಸ್ಟಿಕ್ ಡಬ್ಬಿಗಳಿಗೆ ಬೊಂಬೆಗಳ ತಲೆ ಬಂದವು. ತಲೆಯನ್ನು ಹಿಂದಕ್ಕೆ ಬಾಗಿಸಿದರೆ ಕುತ್ತಿಗೆಯಿಂದ ಒಂದು ಮಿಠಾಯಿ ಹೊರಬರುತ್ತದೆ. ಇಂಥ ಡಬ್ಬಿಗಳನ್ನು ಕೊಡುಕೊಳ್ಳುವ ಜೊತೆಗಾರರು ಸಿಗುತ್ತಿಲ್ಲವೆಂದು ಪ್ಯಾಮ್ ಪೇಚಾಡಿದರಂತೆ. ಅವರನ್ನು ಮೆಚ್ಚಿಸಲು ಒಮಿಡ್ಯಾರ್ ಒಂದು ಜಾಲತಾಣವನ್ನೇ ಕಟ್ಟಿದರಂತೆ. ಅದೇ ಮುಂದೆ ಇ-ಬೇ ಎಂಬ ಜಗದ್ವಿಖ್ಯಾತ ಹರಾಜುಕಟ್ಟೆಯಾಯಿತಂತೆ.

ಈ ಕಥೆಯಲ್ಲಿ ಪ್ಯಾಮ್ ಪೆಜ್ ಡಬ್ಬಿಗಳನ್ನು ಕೂಡಿಡುತ್ತಿದ್ದುದು ನಿಜ. ಇ-ಬೇ ಹುಟ್ಟಿದ್ದೂ ನಿಜ. ಒಂದರಿಂದ ಇನ್ನೊಂದು ಹುಟ್ಟಿತೆಂಬುದು ಮಾತ್ರ ಕಟ್ಟಿದ ಮಾತು. ಅದನ್ನು ಕಟ್ಟಿದವರು ಮೇರಿ ಲೂ ಸಾಂಗ್; ಕಂಪನಿಯ ಆರಂಭದ ದಿನಗಳಲ್ಲಿ ಸೇರಿ, ಪತ್ರಿಕೆಗಳೊಂದಿಗಿನ ವ್ಯವಹಾರ ನೋಡಿಕೊಳ್ಳುತ್ತಿದ್ದವರು. ಆಡಂ ಕೋಹೆನ್ ಎಂಬ ಪತ್ರಕರ್ತರು 2002ರಲ್ಲಿ ಪ್ರಕಟಿಸಿದ ‘ದಿ ಪರ್ಫೆಕ್ಟ್ ಸ್ಟೋರ್’ ಎಂಬ ಇ-ಬೇ ಚರಿತ್ರೆಯಲ್ಲಿ ಈ ಸಂಗತಿ ಬಯಲಿಗೆ ಬಂತು. ಅಷ್ಟು ಹೊತ್ತಿಗೆ ಕಥೆ ಊರೂರು ಸುತ್ತಿ, ಪಾಠಪ್ರವಚನಗಳ ಉದಾಹರಣೆಯಾಗಿ, ಚರಿತ್ರೆಯ ಗಾದಿಯ ಮೇಲೆ ಭದ್ರವಾಗಿ ಕುಳಿತಿತ್ತು. ಇಂದಿಗೂ ಅದನ್ನು ನಿಜವೆಂದೇ ಹೇಳುವವರು ಸಿಗುತ್ತಾರೆ.

ಅಂತರ್ಜಾಲದಲ್ಲಿ ವ್ಯಾಪಾರ ಬೆಳೆಯಬೇಕಾದರೆ ಸರಕಿಗೊಂದು ಕಥೆ ಬೇಕು ಎಂಬ ಮಾತು ಇಂದು ಎಲ್ಲ ಕಡೆಯೂ ಕೇಳಿಬರುತ್ತದೆ. ಅದನ್ನು ಕಲಿಸುವ ತರಗತಿಗಳಿವೆ, ಪುಸ್ತಕಗಳಿವೆ, ಸಲಹೆಗಾರರಿದ್ದಾರೆ. ಹೊರನಾಡಿನಲ್ಲಿರುವ ನಮ್ಮ ಕನ್ನಡ ಸಂಘಗಳಲ್ಲೂ ಚಟ್ನಿಪುಡಿ, ಹುರಿಗಡಲೆ ತಂಬಿಟ್ಟು, ಇಳಕಲ್ ಸೀರೆಗಳನ್ನು ಮೊಬೈಲಿನ ಮೂಲಕವೇ ಮಾರುವ ಗೃಹೋದ್ಯಮಿಗಳಿಗೆ ಈ ಉಪದೇಶ ಮುಟ್ಟಿದೆ. ಹಾಗಾದರೆ ಕಥೆ ವ್ಯಾಪಾರದಲ್ಲಿ ನಿಜಕ್ಕೂ ಯಾವ ಕೆಲಸ ಮಾಡುತ್ತದೆ, ಯಾವ ಬಗೆಯ ಕಥೆ ಮಾಡುತ್ತದೆ ಎಂಬುದನ್ನು ಚರಿತ್ರೆಯ ಕಣ್ಣಿನಿಂದ ನೋಡುವುದು ಲೇಸು. ಅಂತರ್ಜಾಲದ ವ್ಯಾಪಾರಕ್ಕೆ ಈಗ ಮೂವತ್ತು ವರ್ಷ ದಾಟಿದೆ. ಅದರ ಪುರಾಣವನ್ನೂ ಇತಿಹಾಸವನ್ನೂ ಬೇರ್ಪಡಿಸಿ ನೋಡುವಷ್ಟು ದೂರಕ್ಕೆ ನಾವು ಬಂದಿದ್ದೇವೆ.

ಮೊದಲು ನಡೆದದ್ದೇನು ಎಂಬುದನ್ನು ನೋಡೋಣ. ಒಮಿಡ್ಯಾರ್ ಹುಟ್ಟಿದ್ದು 1967ರಲ್ಲಿ, ಪ್ಯಾರಿಸ್ಸಿನಲ್ಲಿ, ಇರಾನಿ ಮೂಲದ ತಂದೆತಾಯಿಗಳಿಗೆ. ಬಾಲ್ಯದಲ್ಲೇ ಅಮೆರಿಕಕ್ಕೆ ಹೋದವರು. ಷೇರುಪೇಟೆಯಲ್ಲಿ ಒಮ್ಮೆ ಅವರಿಗೊಂದು ಅನುಭವವಾಗಿತ್ತು. ಹೊಸ ಕಂಪನಿಯೊಂದರ ಷೇರಿಗೆ ಅವರು ಮೊದಲೇ ಬೇಡಿಕೆ ಸಲ್ಲಿಸಿದ್ದರೂ, ಅದು ಅವರ ಕೈಸೇರುವ ಹೊತ್ತಿಗೆ ಬೆಲೆ ಬಹಳ ಏರಿಬಿಟ್ಟಿತ್ತು. ಒಳಗಿನವರಿಗೆ ಒಂದು ಬೆಲೆ, ಹೊರಗಿನವರಿಗೆ ಇನ್ನೊಂದು. ಎಲ್ಲರಿಗೂ ಒಂದೇ ಮಾಹಿತಿ, ಒಂದೇ ಅವಕಾಶ ಇರುವ ಪರಿಪೂರ್ಣ ಮಾರುಕಟ್ಟೆಯೊಂದು ಸಾಧ್ಯವೇ ಎಂಬ ಅರ್ಥಶಾಸ್ತ್ರದ ಪ್ರಶ್ನೆ ಅವರನ್ನು ಕಾಡಿತು. 1995ರ ಸೆಪ್ಟೆಂಬರ್ ಮೊದಲ ವಾರ, ಕಾರ್ಮಿಕ ದಿನದ ರಜೆಯಲ್ಲಿ ಮನೆಯಲ್ಲೇ ಕುಳಿತು ಅವರು ಹರಾಜಿನ ತಂತ್ರಾಂಶವನ್ನು ಬರೆದರು. ಅದರ ಹೆಸರು ‘ಆಕ್ಷನ್‌ವೆಬ್’. ಅದಕ್ಕೆ ಪ್ರತ್ಯೇಕ ವಿಳಾಸವೂ ಇರಲಿಲ್ಲ. ಅವರ ಸ್ವಂತ ಜಾಲತಾಣದ ಒಂದು ಮೂಲೆಯಲ್ಲಿ, ಎಬೋಲಾ ರೋಗದ ಮಾಹಿತಿಯ ಪುಟದ ಪಕ್ಕದಲ್ಲಿ ಅದು ಕುಳಿತಿತ್ತು.

ಇ-ಬೇ ಎಂಬ ಹೆಸರಿನ ಹಿಂದೆಯೂ ರಮ್ಯವಾದುದು ಏನೂ ಇಲ್ಲ. ತಮ್ಮ ಸಲಹಾ ಸಂಸ್ಥೆಗೆ ಅವರು ‘ಎಕೋ ಬೇ’ ಎಂಬ ಹೆಸರಿಟ್ಟುಕೊಂಡಿದ್ದರು. ಆ ಹೆಸರಿನ ಜಾಲವಿಳಾಸವನ್ನು ಗಣಿ ಕಂಪನಿಯೊಂದು ಮೊದಲೇ ಪಡೆದಿದ್ದರಿಂದ ಅದನ್ನು ಮೊಟಕುಗೊಳಿಸಬೇಕಾಯಿತು, ಅಷ್ಟೆ. ಮೊದಲು ಮಾರಾಟವಾದ ವಸ್ತು ಒಡೆದುಹೋದ ಒಂದು ಲೇಸರ್ ಪಾಯಿಂಟರ್. ಬಂದ ಬೆಲೆ 14.83 ಡಾಲರ್. ಅದು ಕೆಟ್ಟುಹೋಗಿದೆ ಎಂಬುದು ಕೊಂಡವರಿಗೆ ಗೊತ್ತಿದೆಯೇ ಎಂದು ಒಮಿಡ್ಯಾರ್ ಪತ್ರ ಬರೆದು ವಿಚಾರಿಸಿದರು. ಮಾರುವವನು ತನ್ನ ಸರಕಿನ ದೋಷವನ್ನು ತಾನೇ ಎತ್ತಿ ಹೇಳಿದ ಈ ಘಟನೆ ನನಗೆ ಪೆಜ್ ಕಥೆಗಿಂತ ಹೆಚ್ಚು ಅರ್ಥಪೂರ್ಣವಾಗಿ ಕಾಣುತ್ತದೆ. ಆದರೆ ಅದು ಶೀರ್ಷಿಕೆಯಾಗುವಂಥ ಕಥೆಯಲ್ಲ.

ಸಾಂಗ್ ಅವರ ಇಕ್ಕಟ್ಟನ್ನೂ ನಾವು ಅರ್ಥಮಾಡಿಕೊಳ್ಳಬೇಕು. 1997ರಲ್ಲಿ ಅವರು ಪತ್ರಕರ್ತರ ಬಳಿಗೆ ಹೋಗಿ ತಮ್ಮ ಹರಾಜುಕಟ್ಟೆಯ ವಿಷಯ ಹೇಳಿದರೆ ಯಾರಿಗೂ ಆಸಕ್ತಿ ಹುಟ್ಟುತ್ತಿರಲಿಲ್ಲ. ಪರಿಪೂರ್ಣ ಮಾರುಕಟ್ಟೆಯ ಸಿದ್ಧಾಂತವನ್ನು ಕೇಳಲು ಯಾರಿಗೆ ಬಿಡುವಿದೆ? ಜಾಣ ಯುವಕನೊಬ್ಬ ಅರ್ಥಶಾಸ್ತ್ರದ ಸಮಸ್ಯೆ ಬಿಡಿಸಿದ ಎಂಬುದಕ್ಕಿಂತ, ಪ್ರೀತಿಸಿದವಳಿಗಾಗಿ ಏನನ್ನೋ ಮಾಡಿದ ಎಂಬುದು ಓದುಗರಿಗೆ ಹಿಡಿಸುತ್ತದೆಂದು ಅವರಿಗೆ ತಿಳಿದಿತ್ತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯೊಂದು ನಮ್ಮಲ್ಲಿದೆ. ಇಲ್ಲಿ ಅದು ತಿರುಗುಮುರುಗಾಯಿತು: ಒಂದು ಮದುವೆಯ ಮಾತಿನಿಂದ ಸಾವಿರಾರು ಹರಾಜುಗಳು ಸುದ್ದಿಯಾದವು. 1998ರ ಸೆಪ್ಟೆಂಬರ್ 24ರಂದು ಕಂಪನಿ ಷೇರುಪೇಟೆಗೆ ಕಾಲಿಟ್ಟಾಗ 18 ಡಾಲರಿಗೆ ಬಿಡುಗಡೆಯಾದ ಷೇರು ಸಂಜೆಯ ಹೊತ್ತಿಗೆ 47 ಡಾಲರನ್ನು ದಾಟಿತ್ತು.

ಇಲ್ಲಿ ಆತುರದ ಓದುಗ ಒಂದು ತೀರ್ಮಾನಕ್ಕೆ ಬರಬಹುದು: ನೋಡಿ, ಸುಳ್ಳು ಕಥೆ ಗೆದ್ದಿತು. ಆದರೆ ಕಾಲಾನುಕ್ರಮವನ್ನು ಗಮನಿಸಿದರೆ ಈ ತೀರ್ಮಾನ ನಿಲ್ಲುವುದಿಲ್ಲ. ಪೆಜ್ ಕಥೆ ಹುಟ್ಟುವುದಕ್ಕೆ ಮೊದಲೇ ಹರಾಜುಕಟ್ಟೆ ಬೆಳೆಯತೊಡಗಿತ್ತು. 1996ರ ಆರಂಭದಲ್ಲಿ, ಜನಸಂಚಾರ ಹೆಚ್ಚಾಯಿತೆಂದು ಅಂತರ್ಜಾಲ ಸೇವೆಯವರು ತಿಂಗಳ ಶುಲ್ಕವನ್ನು 30 ಡಾಲರಿನಿಂದ 250 ಡಾಲರಿಗೆ ಏರಿಸಿದಾಗ, ಒಮಿಡ್ಯಾರ್ ಮಾರಾಟಗಾರರಿಂದ ಒಂದಿಷ್ಟು ಪಾಲು ಕೇಳಬೇಕಾಯಿತು. ಕೊಡದಿದ್ದರೆ ಹಿಡಿದು ಕೇಳುವ ವ್ಯವಸ್ಥೆಯೇನೂ ಇರಲಿಲ್ಲ. ಆದರೂ ಲಕೋಟೆಗಳು ಬಂದವು. ಕೆಲವದರಲ್ಲಿ ಚೆಕ್ಕು, ಕೆಲವದರಲ್ಲಿ ರಟ್ಟಿಗೆ ಅಂಟಿಸಿದ ಚಿಲ್ಲರೆ ನಾಣ್ಯಗಳು. ಮೊದಲ ತಿಂಗಳೇ ಖರ್ಚು ಮೀರಿ ಹಣ ಬಂತು.

ಮುಖ ನೋಡದ ಜನ ಒಬ್ಬರಿಗೊಬ್ಬರು ಹಣ ಕಳಿಸುವ ವ್ಯವಹಾರವದು. ಹಣ ತಲುಪಿದ ಮೇಲೆ ಸರಕು ಬರುತ್ತದೆಂಬ ಖಾತರಿಯಿಲ್ಲ. ತಕರಾರುಗಳು ಒಮಿಡ್ಯಾರ್ ಅವರ ಮೇಜಿಗೆ ಬರತೊಡಗಿದವು. 1996ರ ಫೆಬ್ರವರಿಯಲ್ಲಿ ಅವರು ಬಳಕೆದಾರರಿಗೆಲ್ಲ ಒಂದು ಬಹಿರಂಗ ಪತ್ರ ಬರೆದರು. ಬಹುಪಾಲು ಜನ ಪ್ರಾಮಾಣಿಕರು, ಆದರೆ ಮೋಸಗಾರರೂ ಇದ್ದಾರೆ, ಅವರನ್ನು ಕಂಡುಹಿಡಿಯುವ ಕೆಲಸವನ್ನು ನಾವೆಲ್ಲ ಸೇರಿ ಮಾಡೋಣ ಎಂಬುದು ಅದರ ಸಾರ. ಆ ಪತ್ರದೊಂದಿಗೆ ‘ಫೀಡ್‌ಬ್ಯಾಕ್ ಫೋರಂ’ ಆರಂಭವಾಯಿತು. ಕೊಂಡವರು ಮಾರಿದವರ ಬಗ್ಗೆಯೂ ಮಾರಿದವರು ಕೊಂಡವರ ಬಗ್ಗೆಯೂ ಎಲ್ಲರೆದುರು ಒಂದೆರಡು ವಾಕ್ಯ ಬರೆಯಬೇಕು. ಮೆಚ್ಚಿದರೆ ಒಂದು ಅಂಕ ಕೂಡಬೇಕು, ಮೆಚ್ಚದಿದ್ದರೆ ಒಂದು ಕಳೆಯಬೇಕು.

ಸಾಹಿತ್ಯದ ವಿದ್ಯಾರ್ಥಿಯಾಗಿ ನಾನು ಇದನ್ನು ಒಂದು ಕಥನ ಪ್ರಕಾರವೆಂದೇ ಓದುತ್ತೇನೆ. ಸರಕು ಹೇಳಿದಂತೆಯೇ ಇತ್ತು, ಭದ್ರವಾಗಿ ಕಟ್ಟಿ ಕಳಿಸಿದರು, ತಡವಾದಾಗ ತಾವಾಗಿಯೇ ತಿಳಿಸಿದರು: ಇಂಥ ಒಂದೊಂದೇ ಸಾಲಿನ ವರದಿಗಳು ಲಕ್ಷಗಟ್ಟಲೆ ಕೂಡಿಕೊಂಡವು. ಇವುಗಳಲ್ಲಿ ನಾಯಕನಿಲ್ಲ, ನಾಯಕಿಯಿಲ್ಲ, ತಿರುವೂ ಇಲ್ಲ. ಸಾಕ್ಷಿಗಳಿದ್ದಾರೆ, ಅಷ್ಟೇ. ಅಪರಿಚಿತನೊಬ್ಬನ ಹಿಂದಿನ ನಡತೆಯನ್ನು ಅವನೊಂದಿಗೆ ವ್ಯವಹರಿಸಿದವರೇ ಹೇಳುತ್ತಿದ್ದಾರೆ. ಇ-ಬೇ ನಿಂತದ್ದು ಈ ನೀರಸ ಕಥೆಗಳ ತಳಪಾಯದ ಮೇಲೆ. ಪಾಲ್ ರೆಸ್ನಿಕ್ ಮತ್ತವರ ಸಹೋದ್ಯೋಗಿಗಳು ಮುಂದೆ ಇದನ್ನು ಅಳೆದೂ ನೋಡಿದರು. ಒಳ್ಳೆಯ ಹೆಸರು ಗಳಿಸಿದ್ದ, ಹಳೆಯ ಪೋಸ್ಟ್‌ಕಾರ್ಡುಗಳ ಮಾರಾಟಗಾರರೊಬ್ಬರು ಒಂದೇ ಬಗೆಯ ಕಾರ್ಡುಗಳನ್ನು ತಮ್ಮ ಹೆಸರಿನಲ್ಲಿಯೂ ಯಾರೂ ಕೇಳದ ಹೊಸ ಹೆಸರುಗಳಲ್ಲಿಯೂ ಮಾರಿದರು. 2006ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಹೆಸರಿದ್ದವರಿಗೆ ಸುಮಾರು ಶೇಕಡ 8ರಷ್ಟು ಹೆಚ್ಚು ಬೆಲೆ ಕೊಡಲು ಜನ ಸಿದ್ಧರಿದ್ದರು. ಶೇಕಡ 8 ಎಂಬುದು ಕಣ್ಣು ಕೋರೈಸುವ ಸಂಖ್ಯೆಯಲ್ಲ. ಆದರೆ ಅದು ಪ್ರತಿ ವ್ಯವಹಾರದಲ್ಲೂ ಸಿಗುವ ಲಾಭ. ಒಂದು ದಿನದ ಸುದ್ದಿಯಲ್ಲ.

ಆ ಕಾಲದ ಇ-ಬೇಯಲ್ಲಿ ಕಟ್ಟುಕಥೆಗೆ ಜಾಗವೇ ಇರಲಿಲ್ಲವೆಂದೇನೂ ಅಲ್ಲ. ವರ್ಮಾಂಟ್ ರಾಜ್ಯದ ಜಿಮ್ ಗ್ರಿಫಿತ್ ಎಂಬ ಬಳಕೆದಾರರು ಅಲ್ಲಿನ ಚರ್ಚಾಫಲಕದಲ್ಲಿ ಹೊಸಬರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು. ಉತ್ತರಿಸುತ್ತಿದ್ದುದು ‘ಅಂಕಲ್ ಗ್ರಿಫ್’ ಎಂಬ ವೇಷದಲ್ಲಿ: ಹೆಣ್ಣುಡುಪು ತೊಡುವ, ಮದುವೆಯಾಗದ, ಹಸು ಸಾಕುವ ರೈತ ತಾನೆಂದು ಹೇಳಿಕೊಳ್ಳುತ್ತ ತಮಾಷೆಯ ಕಥೆಗಳನ್ನು ಹೆಣೆಯುತ್ತಿದ್ದರು. 1996ರಲ್ಲಿ ಕಂಪನಿ ಅವರನ್ನೇ ಗ್ರಾಹಕ ಸೇವೆಗೆ ನೇಮಿಸಿಕೊಂಡಿತು. ನಮ್ಮ ಯಕ್ಷಗಾನದ ಹಾಸ್ಯಗಾರನನ್ನು ನೆನೆದರೆ ಗ್ರಿಫ್ ಅರ್ಥವಾಗುತ್ತಾರೆ. ವೇಷ ಎಂಬುದು ನೋಡುವವರಿಗೆಲ್ಲ ಗೊತ್ತು. ವೇಷದೊಳಗಿಂದ ಬರುವ ಉತ್ತರ ಮಾತ್ರ ನಿಖರ. ಫೋಟೋ ಏರಿಸುವುದು ಹೇಗೆ, ಅಂಚೆ ಖರ್ಚು ಲೆಕ್ಕ ಹಾಕುವುದು ಹೇಗೆ ಎಂದು ಕೇಳಿದವರನ್ನು ಅವರು ದಾರಿ ತಪ್ಪಿಸಲಿಲ್ಲ.

ಪೆಜ್ ಕಥೆಯೂ ಗ್ರಿಫ್ ಕಥೆಯೂ ಎರಡೂ ಕಲ್ಪನೆಯೇ. ಆದರೂ ಅವೆರಡರ ನಡುವೆ ಗೆರೆಯೊಂದಿದೆ. ಒಂದು ತಾನು ಕಲ್ಪನೆಯೆಂದು ಒಪ್ಪಿಕೊಂಡು ಬರುತ್ತದೆ. ಇನ್ನೊಂದು ಇತಿಹಾಸದ ಉಡುಪು ತೊಟ್ಟು ಬರುತ್ತದೆ. ಈ ಗೆರೆ ಎಷ್ಟು ಮುಖ್ಯವೆಂಬುದನ್ನು ತೋರಿಸಿದ ಒಂದು ಪ್ರಯೋಗ ಅದೇ ಇ-ಬೇಯಲ್ಲಿ 2009ರಲ್ಲಿ ನಡೆಯಿತು. ರಾಬ್ ವಾಕರ್ ಎಂಬ ಪತ್ರಕರ್ತರೂ ಜೋಶುವಾ ಗ್ಲೆನ್ ಎಂಬ ಬರಹಗಾರರೂ ಸೇರಿ ಹಳೆಯ ಸಾಮಾನಿನ ಅಂಗಡಿಗಳಿಂದ ನೂರರಷ್ಟು ಅಗ್ಗದ ವಸ್ತುಗಳನ್ನು ಕೊಂಡರು. ಒಂದೊಂದಕ್ಕೂ ಒಂದೆರಡು ಡಾಲರ್, ಹಲವದಕ್ಕೆ ಅದೂ ಇಲ್ಲ. ಒಂದೊಂದು ವಸ್ತುವನ್ನು ಒಬ್ಬೊಬ್ಬ ಲೇಖಕರಿಗೆ ಕೊಟ್ಟು, ಅದರ ಬಗ್ಗೆ ಒಂದು ಕಥೆ ಬರೆಯಲು ಕೇಳಿದರು. ಆ ಕಥೆಯನ್ನೇ ಸರಕಿನ ವಿವರಣೆಯ ಜಾಗದಲ್ಲಿಟ್ಟು ಹರಾಜಿಗೆ ಹಾಕಿದರು.

33 ಸೆಂಟಿಗೆ ಕೊಂಡ ಒಂದು ಮರದ ಕೊಡತಿಗೆ, ಮುಂದೆ ಎರಡು ಬಾರಿ ಪುಲಿಟ್ಜರ್ ಪ್ರಶಸ್ತಿ ಪಡೆದ ಕೋಲ್ಸನ್ ವೈಟ್‌ಹೆಡ್ ಕಥೆ ಬರೆದರು. ಅದು 71 ಡಾಲರಿಗೆ ಹೋಯಿತು. 3 ಡಾಲರಿನ ಒಂದು ರಷ್ಯನ್ ಗೊಂಬೆಗೆ ಡಗ್ ಡೋರ್ಸ್ಟ್ ಎಂಬ ಕಾದಂಬರಿಕಾರರು ಇಲ್ಲದ ಸಂತನೊಬ್ಬನ ಮಹಿಮೆಯನ್ನು ಕಟ್ಟಿದರು, ಅದಕ್ಕೆ 193.50 ಡಾಲರ್ ಬಂತು. ಒಟ್ಟು 128.74 ಡಾಲರಿಗೆ ಕೊಂಡ ಸಾಮಾನುಗಳು 3,612.51 ಡಾಲರಿಗೆ ಮಾರಾಟವಾದವು. ಅಂದರೆ ಸುಮಾರು ಇಪ್ಪತ್ತೆಂಟು ಪಟ್ಟು. ಕಥೆಗೆ ಬೆಲೆಯಿದೆ ಎಂದು ಹೇಳುವ ಪ್ರತಿಯೊಬ್ಬ ಸಲಹೆಗಾರನೂ ಈ ಅಂಕಿಗಳನ್ನು ಉದ್ಧರಿಸುತ್ತಾನೆ. ಆದರೆ ಅವರಲ್ಲಿ ಬಹುತೇಕರು ಒಂದು ಷರತ್ತನ್ನು ಬಿಟ್ಟುಬಿಡುತ್ತಾರೆ. ಪ್ರತಿ ಕಥೆಯ ಕೆಳಗೂ ಬರೆದವರ ಹೆಸರಿತ್ತು, ಈ ಮಹತ್ವವನ್ನು ಲೇಖಕರು ಕಲ್ಪಿಸಿದ್ದಾರೆ ಎಂಬ ಸೂಚನೆಯಿತ್ತು. ಕೊಂಡವರಾರೂ ಮೋಸಹೋಗಲಿಲ್ಲ. ಗೊಂಬೆಯ ಜೊತೆಗೆ ಕಥೆಯನ್ನೂ ಕೊಂಡರು, ಕಥೆಯೆಂದು ತಿಳಿದೇ ಕೊಂಡರು. ಆ ಸೂಚನೆಯನ್ನು ಅಳಿಸಿ, ಈ ಗೊಂಬೆ ನಿಜಕ್ಕೂ ಸಂತನದೆಂದು ಮಾರಿದ್ದರೆ ಅದೇ ವ್ಯವಹಾರ ವಂಚನೆಯಾಗುತ್ತಿತ್ತು.

ಇತಿಹಾಸದ ಉಡುಪು ತೊಟ್ಟ ಕಥೆಗಳ ವಿಷಯಕ್ಕೆ ಮರಳಿದರೆ, ಇ-ಬೇ ಒಂದೇ ಇಲ್ಲಿ ಉದಾಹರಣೆಯಲ್ಲ. ನೆಟ್‌ಫ್ಲಿಕ್ಸ್ ಕಂಪನಿಯ ಹುಟ್ಟಿನ ಕಥೆ ಇನ್ನೂ ಪ್ರಸಿದ್ಧ. ರೀಡ್ ಹೇಸ್ಟಿಂಗ್ಸ್ ‘ಅಪೊಲೊ 13’ ಚಿತ್ರದ ವಿಡಿಯೊ ಕ್ಯಾಸೆಟ್ಟನ್ನು ಬಾಡಿಗೆಗೆ ತಂದು, ಹಿಂದಿರುಗಿಸಲು ತಡಮಾಡಿ, 40 ಡಾಲರ್ ದಂಡ ತೆತ್ತರಂತೆ. ದಂಡವಿಲ್ಲದ ಬಾಡಿಗೆ ವ್ಯವಸ್ಥೆಯ ಆಲೋಚನೆ ಅಲ್ಲೇ ಮೊಳೆಯಿತಂತೆ. 2019ರಲ್ಲಿ ಸಹಸ್ಥಾಪಕ ಮಾರ್ಕ್ ರಾಂಡಾಲ್ಫ್ ತಮ್ಮ ನೆನಪುಗಳ ಪುಸ್ತಕದಲ್ಲಿ ಇದನ್ನು ಅನುಕೂಲದ ಕಥೆಯೆಂದು ಬಿಡಿಸಿ ಹೇಳಿದರು. ನಡೆದದ್ದು ಬೇರೆ. ಇಬ್ಬರೂ ಒಂದೇ ಕಾರಿನಲ್ಲಿ ಕೆಲಸಕ್ಕೆ ಹೋಗಿಬರುವಾಗ ರಾಂಡಾಲ್ಫ್ ದಿನಕ್ಕೊಂದು ಯೋಜನೆ ಮುಂದಿಡುತ್ತಿದ್ದರು: ಒಬ್ಬೊಬ್ಬರ ಕೂದಲಿಗೆ ತಕ್ಕ ಶಾಂಪೂ, ನಾಯಿಗಳಿಗೆ ತಕ್ಕ ಆಹಾರ, ಬೇಸ್‌ಬಾಲ್ ಬ್ಯಾಟು. ಒಂದೊಂದನ್ನೂ ಹೇಸ್ಟಿಂಗ್ಸ್ ತಳ್ಳಿಹಾಕುತ್ತಿದ್ದರು. ಕೊನೆಗೆ ಹೊಸದಾಗಿ ಬಂದಿದ್ದ ತೆಳ್ಳನೆಯ ಡಿವಿಡಿ ಅಂಚೆಯಲ್ಲಿ ಒಡೆಯದೆ ತಲುಪೀತೇ ಎಂದು ನೋಡಲು, ಒಂದು ಹಳೆಯ ಸಂಗೀತದ ಸಿಡಿಯನ್ನು ಲಕೋಟೆಯಲ್ಲಿಟ್ಟು ಹೇಸ್ಟಿಂಗ್ಸ್ ಮನೆಗೆ ಅಂಚೆ ಹಾಕಿದರು. ಅದು ಸುರಕ್ಷಿತವಾಗಿ ತಲುಪಿತು.

ಇನ್ನೊಂದು ಸಂಗತಿಯಿದೆ. 1998ರ ಏಪ್ರಿಲ್ 14ರಂದು ನೆಟ್‌ಫ್ಲಿಕ್ಸ್ ಜಾಲತಾಣ ತೆರೆದಾಗ ಅದು ಒಂದೊಂದು ಚಿತ್ರಕ್ಕೂ ಬೇರೆ ಬಾಡಿಗೆ ಪಡೆಯುತ್ತಿತ್ತು, ತಡಮಾಡಿದರೆ ಹೆಚ್ಚಿನ ಹಣವನ್ನೂ ಪಡೆಯುತ್ತಿತ್ತು. ದಂಡವಿಲ್ಲದ ಮಾಸಿಕ ಚಂದಾ ಪದ್ಧತಿ ಬಂದದ್ದು 1999ರಲ್ಲಿ, ಹಲವು ಪ್ರಯೋಗಗಳು ಸೋತ ಮೇಲೆ. ಅಂದರೆ ದಂಡದ ಸಿಟ್ಟಿನಿಂದ ಹುಟ್ಟಿತೆನ್ನಲಾದ ಕಂಪನಿ ತಾನೇ ಮೊದಲು ದಂಡ ಹಾಕುತ್ತಿತ್ತು! ಕಥೆ ಅಳಿಸಿಹಾಕಿದ್ದು ಇದನ್ನೇ: ತಡಕಾಡಿದ್ದು, ಸೋತದ್ದು, ತಿದ್ದಿಕೊಂಡದ್ದು, ಹತ್ತಾರು ನೌಕರರು ರಾತ್ರಿಯೆಲ್ಲ ಲಕೋಟೆ ತುಂಬಿದ್ದು.

ಸುಳ್ಳು ಮೂಲಕಥೆಯಿಂದ ಯಾರಿಗೆ ನಷ್ಟ ಎಂದು ಕೇಳುವವರಿದ್ದಾರೆ. ಮಿಠಾಯಿ ಡಬ್ಬಿಯ ಕಥೆಯಿಂದ ಯಾರ ಹಣವೂ ಕಳೆಯಲಿಲ್ಲವಲ್ಲ? ನನ್ನ ಮಟ್ಟಿಗೆ ನಷ್ಟ ಎರಡು ಬಗೆಯದು. ಮೊದಲನೆಯದು ಮನುಷ್ಯರದು. ಪ್ಯಾಮ್ ಜೀವವಿಜ್ಞಾನದಲ್ಲಿ ಉನ್ನತ ವ್ಯಾಸಂಗ ಮಾಡಿದವರು, ತಮ್ಮದೇ ವೃತ್ತಿಯಿದ್ದವರು; ಕಥೆಯಲ್ಲಿ ಅವರು ಗೊಂಬೆಡಬ್ಬಿಗಾಗಿ ಹಂಬಲಿಸುವ ಹುಡುಗಿಯಾಗಿ ಮಾತ್ರ ಉಳಿದರು. ಪ್ರಾಮಾಣಿಕವಾಗಿ ಚಿಲ್ಲರೆ ಅಂಟಿಸಿ ಕಳಿಸಿದ ಸಾವಿರಾರು ಬಳಕೆದಾರರು ಕಥೆಯಲ್ಲಿ ಎಲ್ಲೂ ಇಲ್ಲ. ಎರಡನೆಯದು ಕಲಿಕೆಯ ನಷ್ಟ. ಈ ಕಥೆಗಳನ್ನು ನಂಬಿ ವ್ಯಾಪಾರಕ್ಕಿಳಿಯುವ ಯುವಜನರು ಮಿಂಚಿನಂಥ ಒಂದು ಗಳಿಗೆಗಾಗಿ ಕಾಯುತ್ತಾರೆ. ನಂಬಿಕೆಯ ವ್ಯವಸ್ಥೆಯನ್ನು ದಿನದಿನವೂ ಕಟ್ಟಬೇಕೆಂಬ ನಿಜವಾದ ಪಾಠ ಅವರಿಗೆ ತಲುಪುವುದೇ ಇಲ್ಲ.

ಭಾರತದಲ್ಲಿ ಇದೇ ಪಾಠ ಬೇರೆ ರೂಪದಲ್ಲಿ ನಡೆಯಿತು. 2004ರಲ್ಲಿ ಇ-ಬೇ ಮುಂಬಯಿಯ ಬಾಜೀ ಡಾಟ್ ಕಾಮ್ ಸಂಸ್ಥೆಯನ್ನು ಸುಮಾರು 5 ಕೋಟಿ ಡಾಲರಿಗೆ ಕೊಂಡು ಇಲ್ಲಿಗೆ ಕಾಲಿಟ್ಟಿತು. ಜಗತ್ತಿನ ಅತಿ ಪ್ರಸಿದ್ಧ ಮೂಲಕಥೆ ಅದರ ಬೆನ್ನಿಗಿತ್ತು. ಆದರೂ ನಮ್ಮ ಮಧ್ಯಮವರ್ಗದ ಗ್ರಾಹಕನ ಮುಖ್ಯ ಪ್ರಶ್ನೆಗೆ, ಅಂದರೆ ಹಣ ಕೊಟ್ಟ ಮೇಲೆ ವಸ್ತು ಬಾರದಿದ್ದರೆ ಏನು ಗತಿ ಎಂಬುದಕ್ಕೆ, ಮನಸ್ಸಿಗೆ ಒಪ್ಪುವ ಉತ್ತರ ಬಂದದ್ದು ಬೆಂಗಳೂರಿನಿಂದ. 2007ರಲ್ಲಿ ಕೋರಮಂಗಲದ ಒಂದು ಮನೆಯಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಪುಸ್ತಕ ಮಾರಾಟದಿಂದ ಆರಂಭಿಸಿದ ಫ್ಲಿಪ್‌ಕಾರ್ಟ್, 2010ರಲ್ಲಿ ವಸ್ತು ಕೈಸೇರಿದ ಮೇಲೆ ಹಣ ಕೊಡಿ ಎಂಬ ಪದ್ಧತಿಯನ್ನು ತಂದಿತು. ಅದನ್ನು ಜನರಿಗೆ ತಿಳಿಸಲು 2011ರಿಂದ ಬಂದ ಜಾಹೀರಾತುಗಳಲ್ಲಿ ಪುಟ್ಟ ಮಕ್ಕಳು ಸೂಟುಬೂಟು, ಸೀರೆ, ಮೀಸೆ ಧರಿಸಿ ದೊಡ್ಡವರಂತೆ ಹರಟುತ್ತಿದ್ದರು. ಮಕ್ಕಳ ವೇಷ ಯಾರನ್ನೂ ಮರುಳು ಮಾಡಲಿಲ್ಲ; ಆ ಹರಟೆಯಲ್ಲಿ ಹೇಳಿದ ಹಣ ಪಾವತಿಯ, ಹಿಂದಿರುಗಿಸುವಿಕೆಯ ನಿಯಮಗಳು ನಿಜವಾಗಿದ್ದವು. ಇದು ಅಂಕಲ್ ಗ್ರಿಫ್ ಅವರ ದಾರಿಯೇ. 2017ರಲ್ಲಿ ಇ-ಬೇಯ ಭಾರತದ ವ್ಯವಹಾರ ಫ್ಲಿಪ್‌ಕಾರ್ಟ್ ಪಾಲಾಯಿತು. ಮರುವರ್ಷ ಆ ತಾಣ ಮುಚ್ಚಿತು.

ಅಪರಿಚಿತರ ನಡುವಿನ ವ್ಯಾಪಾರ, ಅದಕ್ಕೆ ಬೇಕಾದ ನಂಬಿಕೆ, ಆ ನಂಬಿಕೆಗಾಗಿ ಹೇಳುವ ಕಥೆ: ಇವು ಕಂಪ್ಯೂಟರಿನೊಂದಿಗೆ ಹುಟ್ಟಿದವಲ್ಲ. ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರನ್ನೇ ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘ ಕೊಲ್ಲಾಪುರ, ಮೀರಜ್, ತೆಲುಗು ಮತ್ತು ತಮಿಳು ನಾಡುಗಳವರೆಗೂ ಹಬ್ಬಿತ್ತು. 1088ರ ಒಂದು ತಮಿಳು ಶಾಸನ ಈ ಐನೂರ್ವರ ಸುಳಿವನ್ನು ಕಡಲಾಚೆಯ ಸುಮಾತ್ರಾದಲ್ಲೂ ಕೊಡುತ್ತದೆ. ಹೊರನಾಡ ಕನ್ನಡಿಗರ ಚರಿತ್ರೆ ಬರೆಯುವವರು ಇವರಿಂದಲೇ ಶುರುಮಾಡಬಹುದು. ಈ ಸಂಘದ ಶಾಸನಗಳು ಸಾಮಾನ್ಯವಾಗಿ ದೀರ್ಘ ಪ್ರಶಸ್ತಿಯೊಂದಿಗೆ ತೆರೆದುಕೊಳ್ಳುತ್ತವೆ: ವಾಸುದೇವನಿಂದ ಬಂದ ವಂಶ, ಕಾಯುವ ಧರ್ಮ, ನೆಲಮಾರ್ಗ ಜಲಮಾರ್ಗಗಳಲ್ಲಿ ತಿರುಗುವ ಪರಾಕ್ರಮ. ಇದು ಅಪ್ಪಟ ಕಥನ. ಕೇಳುವವರಿಗೂ ಅದು ಪ್ರಶಸ್ತಿಯೆಂದು ಗೊತ್ತು.

ಆದರೆ ಪ್ರಶಸ್ತಿ ಮುಗಿದ ಕೂಡಲೇ ಶಾಸನದ ಧ್ವನಿ ಬದಲಾಗುತ್ತದೆ. ತಿಥಿ, ವಾರ, ಸಂವತ್ಸರ, ಯಾವ ದೇವಾಲಯಕ್ಕೆ ದಾನ, ಯಾವ ಸರಕಿನ ಹೇರಿಗೆ ಎಷ್ಟು ಸುಂಕ, ಯಾರ ಸಮಕ್ಷಮದಲ್ಲಿ, ತಪ್ಪಿದವರಿಗೆ ಯಾವ ಪಾಪ. ಅಲ್ಲಿ ಅಲಂಕಾರಕ್ಕೆ ಎಡೆಯಿಲ್ಲ. ಕಡತಗಳ ನಡುವೆ ದಿನ ಕಳೆಯುವ ನನ್ನಂಥ ಸರ್ಕಾರಿ ನೌಕರನಿಗೆ ಈ ಭಾಗ ಬಹಳ ಪರಿಚಿತವೆನಿಸುತ್ತದೆ. ಪುರಾಣವೂ ಲೆಕ್ಕವೂ ಒಂದೇ ಕಲ್ಲಿನ ಮೇಲಿವೆ, ಆದರೆ ಒಂದು ಇನ್ನೊಂದರ ಜಾಗಕ್ಕೆ ಕೈಹಾಕುವುದಿಲ್ಲ. ದಾನದ ಪ್ರಮಾಣವನ್ನು ಪ್ರಶಸ್ತಿಯ ಉತ್ಪ್ರೇಕ್ಷೆಯಲ್ಲಿ ಬರೆದಿದ್ದರೆ ಮಾರನೆಯ ದಿನವೇ ಜಗಳವಾಗುತ್ತಿತ್ತು. ದೇವಾಲಯಕ್ಕೆ ಸ್ಥಳಪುರಾಣ ಹೇಗೋ ಕಂಪನಿಗೆ ಮೂಲಕಥೆ ಹಾಗೆ; ಭಕ್ತರನ್ನು ಕರೆತರುತ್ತದೆ. ಆದರೆ ಗುಡಿಯ ನಂದಾದೀಪ ಉರಿದದ್ದು ಶಾಸನದಲ್ಲಿ ಕೊರೆದ ಎಣ್ಣೆಯ ಲೆಕ್ಕದಿಂದ.

ನಮ್ಮ ನಡುವಿನ ಪುಟ್ಟ ಮಾರಾಟಗಾರರ ವಿಷಯದಲ್ಲಿ ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಚನ್ನಪಟ್ಟಣದ ಬೊಂಬೆಗಳನ್ನು ಅಂತರ್ಜಾಲದಲ್ಲಿ ಹುಡುಕಿ ನೋಡಿ. ಪುಟದ ನೆತ್ತಿಯಲ್ಲಿ ಟಿಪ್ಪು ಸುಲ್ತಾನನೂ ಪರ್ಷಿಯಾದ ಕುಶಲಕರ್ಮಿಗಳೂ ತಪ್ಪದೆ ಇರುತ್ತಾರೆ. ಬೊಂಬೆಯನ್ನು ಕಡೆದ ಕೈ ಯಾರದು, ಮರ ಹಾಲೆಯದೇ ಅಲ್ಲವೇ, ಬಣ್ಣ ಅರಗಿನದೇ ಅಥವಾ ರಾಸಾಯನಿಕದ್ದೇ, ಕೊಟ್ಟ ಬೆಲೆಯಲ್ಲಿ ಕಡೆದವರಿಗೆ ಸೇರುವುದೆಷ್ಟು ಎಂಬ ಮಾತು ಅಪರೂಪ. ಮಗುವಿನ ಬಾಯಿಗೆ ಹೋಗುವ ಬೊಂಬೆಯ ವಿಷಯದಲ್ಲಿ ತಾಯಿಗೆ ಬೇಕಾದುದು ಸುಲ್ತಾನನ ಕಥೆಯಲ್ಲ, ಬಣ್ಣದ ಕಥೆ. ಅದು ಚಿಕ್ಕದು, ಪರೀಕ್ಷಿಸಬಹುದಾದದ್ದು, ಬೊಂಬೆಯನ್ನು ಕಡೆದವರಿಗೆ ಗೌರವ ತರುವಂಥದ್ದು.

ಚಟ್ನಿಪುಡಿಯ ಪೊಟ್ಟಣದ ಮೇಲೆ ಇಲ್ಲದ ಅಜ್ಜಿಯೊಬ್ಬಳನ್ನು ಕೂರಿಸಿ, ನೂರು ವರ್ಷದ ಪಾಕವೆಂದು ಬರೆಯುವುದು ಇಂದು ಸುಲಭ. ಬರೆದುಕೊಡುವ ಯಂತ್ರಗಳೂ ಬಂದಿವೆ. ಯಾವ ಸರಕಿಗೂ ಒಂದು ನಿಮಿಷದಲ್ಲಿ ಕಣ್ಣೀರಿನ ಕಥೆ ಸಿದ್ಧ. ಎಲ್ಲರ ಪೊಟ್ಟಣದ ಮೇಲೂ ಅಜ್ಜಿ ಬಂದ ಮೇಲೆ ನಿಜವಾದ ಅಜ್ಜಿಯಿಂದ ಕಲಿತವರ ಗತಿಯೇನು? ಕಥೆ ಅಗ್ಗವಾದ ಕಾಲದಲ್ಲಿ ಸಾಕ್ಷ್ಯದ ಬೆಲೆ ಏರುತ್ತದೆ. ಶೇಂಗಾ ಯಾವ ಊರಿನದು, ಮೆಣಸಿನಕಾಯಿ ಬ್ಯಾಡಗಿಯದೇ, ಯಾವ ದಿನ ಹುರಿದದ್ದು, ಕಳೆದ ಸಲ ಉಪ್ಪು ಹೆಚ್ಚಾಯಿತೆಂದವರಿಗೆ ಏನು ಉತ್ತರ ಕೊಟ್ಟಿರಿ: ಇವೂ ಕಥೆಗಳೇ. ಇವನ್ನು ಬೇರೆಯವರು ನಕಲು ಮಾಡಲಾರರು, ಏಕೆಂದರೆ ಇವು ನಿಮ್ಮ ಅಡುಗೆಮನೆಯಲ್ಲಿ ಮಾತ್ರ ನಡೆದವು.

ಪ್ರಶಸ್ತಿ ಬೇಡವೆಂದು ನಾನು ಹೇಳುತ್ತಿಲ್ಲ. ಕಲ್ಪನೆಯಿಲ್ಲದ ಸಂತೆ ಬರಡು. ದಾಸಯ್ಯನೂ ಬಳೆಗಾರನೂ ಹಾಡು ಹೇಳಿಯೇ ಬೀದಿಗೆ ಬರುತ್ತಿದ್ದರು. ಹಾಡು ಹಾಡೆಂದು ಕೇಳುವವರಿಗೆ ತಿಳಿದಿರಬೇಕು, ಬಳೆಯ ಲೆಕ್ಕ ಲೆಕ್ಕವಾಗಿಯೇ ಇರಬೇಕು. ಇ-ಬೇಯ ಚರಿತ್ರೆಯಲ್ಲಿ ಪೆಜ್ ಡಬ್ಬಿಗಳು ಬಂದು ಸೇರಿದ್ದು ಆಮೇಲೆ. ಅದಕ್ಕೂ ಮೊದಲು, ಒಡೆದ ಲೇಸರ್ ಪಾಯಿಂಟರೊಂದನ್ನು ಮಾರಿದವರು, ಇದು ಕೆಟ್ಟಿದೆ ಎಂಬುದು ನಿಮಗೆ ಗೊತ್ತಿದೆಯಲ್ಲ ಎಂದು ಕೇಳಿ ಬರೆದ ಒಂದು ಕಾಗದವಿತ್ತು. ಆ ಕಂಪನಿಯ ಶಾಸನ ಅದು.